ಹಳ್ಳಿಯ ಕಾರ್ಖಾನೆಗೆ ಗಂಟುಮೂಟೆ ಕಟ್ಟುವ ಮುನ್ನ ಸ್ಪಿಂಡಲ್‌ಗೆ ಡಯಲ್ ಹಚ್ಚಿ ನೋಡಿ

ಲೇತ್, ಮಿಲ್ಲಿಂಗ್, ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಯಂತ್ರ) ಹೀಗೆ ಲೋಹ ಕೊರೆಯುವ ಕೆಲಸ ಚೆನ್ನಾಗಿ ಬಲ್ಲವರಿಗೆ ನಗರದಿಂದ ದೂರದ ಕಾರ್ಖಾನೆಗಳು ಕರೆ ಕಳುಹಿಸುವುದು ಹೊಸದೇನಲ್ಲ. ನುರಿತ ಕೈಗಳು ಅಲ್ಲಿ ಸಿಗುವುದಿಲ್ಲ. ಆದ್ದರಿಂದ ತುಸು ಹೆಚ್ಚು ಸಂಬಳ, ಇರಲು ಮನೆ, ಒಳ್ಳೆಯ ಗಾಳಿ, ಗದ್ದಲವಿಲ್ಲದ ಬದುಕು ಎಂದು ಆಸೆ ಹುಟ್ಟಿಸುತ್ತಾರೆ. ಅಂಥದೊಂದು ಕರೆಗೆ ಓಗೊಟ್ಟು ಹೆಂಡತಿ ಮಕ್ಕಳೊಂದಿಗೆ ಹೋಗಿ, ಕೈ ಸುಟ್ಟುಕೊಂಡು ಹಿಂದಿರುಗಿದ್ದೇನೆ. ಈಗ ಅದೇ ಬಗೆಯ ಕರೆ ಕೈಯಲ್ಲಿ ಹಿಡಿದು ಯೋಚಿಸುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನನಗೆ ಹೇಳಿದ್ದು ಸೆಟರ್ ಮತ್ತು ಪ್ರೋಗ್ರಾಮರ್ ಕೆಲಸ, ಅಂದರೆ ಯಂತ್ರವನ್ನು ಅಣಿಗೊಳಿಸಿ ಅದಕ್ಕೆ ಆದೇಶ ಬರೆಯುವುದು, ಅದೂ ಐದು ಬಗೆಯಲ್ಲಿ ಚಲಿಸಬಲ್ಲ ಐದು ಅಕ್ಷದ ಯಂತ್ರದ ಮೇಲೆ. ಯಂತ್ರ ಇದ್ದದ್ದು ನಿಜ. ಅದರ ಮೋಟಾರು ನಡೆಸುವ ಒಂದು ಡ್ರೈವ್ ಕೆಟ್ಟು ಎಷ್ಟೋ ಕಾಲವಾಗಿತ್ತು, ಮೇಲೆ ಟಾರ್ಪಾಲು ಹೊದಿಸಿದ್ದರು. ನನ್ನ ಪಾಲಿಗೆ ಬಂದದ್ದು ಮೂರು ಅಕ್ಷದ ಹಳೆಯ ಮಿಲ್ಲಿಂಗ್ ಯಂತ್ರ. ಹಳೆಯದು ಎಂಬ ಕಾರಣಕ್ಕೆ ನಾನು ಯಾವ ಯಂತ್ರವನ್ನೂ ಹೀಗಳೆಯುವುದಿಲ್ಲ. ನೋಡಿಕೊಂಡರೆ ಹಳೆಯ ಯಂತ್ರವೂ ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ) ಲೆಕ್ಕದಲ್ಲಿ ಕೆಲಸ ಕೊಡುತ್ತದೆ. ಇದನ್ನು ನೋಡಿಕೊಂಡವರೇ ಇರಲಿಲ್ಲ.

ಬೋರುಗಳು, ಅಂದರೆ ಕೊರೆದ ರಂಧ್ರಗಳು, ಎಷ್ಟೋ ಸಲ ಅಳತೆ ಮೀರಿ ದೊಡ್ಡದಾಗಿ ಬರುತ್ತಿದ್ದವು. ಕಟರ್‌ಗೆ ಕೂರಿಸುವ ಇನ್ಸರ್ಟ್ ಎಂಬ ಪುಟ್ಟ ಅಲಗುಗಳ ಪೈಕಿ ಯಾವಾಗಲೂ ಒಂದರದೇ ತುದಿ ಮುರಿಯುತ್ತಿತ್ತು, ಉಳಿದವು ಹೊಸದರಂತೆ ಇರುತ್ತಿದ್ದವು. ಟೂಲ್ ಹಿಡಿದು ತಿರುಗಿಸುವ ಸ್ಪಿಂಡಲ್‌ಗೆ ಟೆಸ್ಟ್ ಮ್ಯಾಂಡ್ರೆಲ್ ಎಂಬ ನಿಖರವಾದ ಸರಳು ಹಾಕಿ, ಮೂತಿಯ ಬಳಿಯೇ ಅಲುಗಾಟ ಅಳೆಯುವ ಡಯಲ್ ಹಚ್ಚಿ ಕೈಯಿಂದ ನಿಧಾನವಾಗಿ ತಿರುಗಿಸಿದೆ. ಸ್ಥಿತಿ ಚೆನ್ನಾಗಿರುವ ಸ್ಪಿಂಡಲ್‌ನಲ್ಲಿ ಆ ಜಾಗದಲ್ಲಿ ಮುಳ್ಳು ಅಲುಗಿದ್ದು ಕಣ್ಣಿಗೆ ಕಾಣುವುದೇ ಕಷ್ಟ. ಇಲ್ಲಿ ಅದು ನಾಲ್ಕು ಗೆರೆ ದಾಟಿ ವಾಪಸು ಬಂತು, ಅಂದರೆ 0.04 ಮಿಲಿಮೀಟರ್. ಹಿಂದೆ ಯಾರೋ ಟೂಲ್ ಗುದ್ದಿಸಿದ್ದರು, ಬೇರಿಂಗ್ ಹೋಗಿತ್ತು. ಮೇಲಿನವರಿಗೆ ತೋರಿಸಿದೆ. “ಹಿಂದಿನವನು ಇದರಲ್ಲೇ ಮಾಡುತ್ತಿದ್ದನಲ್ಲ” ಎಂಬ ಉತ್ತರ ಬಂತು. ಆ ಹಿಂದಿನವನು ಯಾಕೆ ಬಿಟ್ಟುಹೋದ ಎಂದು ಕೇಳಿದ್ದಕ್ಕೆ ಉತ್ತರ ಬರಲಿಲ್ಲ.

ಅಳತೆಯ ಸ್ಥಿತಿ ಇನ್ನೂ ಕೆಟ್ಟದ್ದು. ಅಳತೆಗೆ ಜಗತ್ತು ಒಪ್ಪಿಕೊಂಡಿರುವ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್. ಅಲ್ಲಿ ತಗಡಿನ ಚಾವಣಿಯ ಕೆಳಗೆ ಯಂತ್ರಗಳು ಬಿಸಿಯೇರುತ್ತಿದ್ದವು, ಬೋರು ಅಳೆಯುವ ಗೇಜ್ ಅನ್ನು ಸೊನ್ನೆಗೆ ಹೊಂದಿಸುವ ಮಾದರಿ ರಿಂಗ್ ಮಾತ್ರ ಕಚೇರಿಯ ತಣ್ಣನೆಯ ಕೋಣೆಯಲ್ಲಿತ್ತು. ಉಕ್ಕು ಪ್ರತಿ ಡಿಗ್ರಿಗೆ ಒಂದು ಮೀಟರಿಗೆ ಸುಮಾರು 11.5 ಮೈಕ್ರಾನ್ ಹಿಗ್ಗುತ್ತದೆ. ಜಾಬ್, ಅಂದರೆ ಕೊರೆಯುತ್ತಿರುವ ಲೋಹದ ಭಾಗ, ರಿಂಗ್‌ಗಿಂತ 15 ಡಿಗ್ರಿ ಬಿಸಿಯಾಗಿದ್ದರೆ 80 ಮಿಲಿಮೀಟರ್ ಬೋರು ಹೆಚ್ಚುಕಡಿಮೆ 14 ಮೈಕ್ರಾನ್ ದೊಡ್ಡದಾಗಿ ತೋರುತ್ತದೆ. ಆ ಅಳತೆಗೆ ಎಚ್7 ಎಂಬ ಅಳತೆಯ ಮಾನದಂಡ ಕೊಡುವ ಏರುಪೇರಿನ ಅವಕಾಶವೇ 30 ಮೈಕ್ರಾನ್. ಯಂತ್ರದ ಮೇಲೆ ಸರಿಯಿದ್ದ ಜಾಬ್ ತಣ್ಣಗಾದ ಮೇಲೆ ಚಿಕ್ಕದಾಗಿ, ಗ್ರಾಹಕರಿಂದ ತಿರಸ್ಕೃತವಾಗಿ ಬರುತ್ತಿತ್ತು. ಗೇಜ್ ಮೇಲಿನ ಕ್ಯಾಲಿಬ್ರೇಷನ್ (ನಿಖರತೆಯ ಪರೀಕ್ಷೆ) ಚೀಟಿಯ ಅವಧಿ ಎಂದೋ ಮುಗಿದಿತ್ತು. ಆದರೆ ರಿಜೆಕ್ಟ್ ಪಟ್ಟಿಯಲ್ಲಿ ಬರೆಯುತ್ತಿದ್ದದ್ದು ನನ್ನ ಹೆಸರು, ಸಂಬಳದಲ್ಲಿ ಮುರಿದುಕೊಳ್ಳುತ್ತಿದ್ದದ್ದೂ ನನ್ನಿಂದಲೇ. ಇದನ್ನು ನೆನೆದರೆ ಇವತ್ತಿಗೂ ಸಿಟ್ಟು ಬರುತ್ತದೆ.

ಕರೆಂಟಿನ ಮಾತು ಬೇರೆ. ದೂರದ ಲೈನ್‌ನ ತುದಿಯಲ್ಲಿದ್ದ ಕಾರ್ಖಾನೆಯಾದ್ದರಿಂದ ವೋಲ್ಟೇಜ್ ಆಗಾಗ ಕುಸಿಯುತ್ತಿತ್ತು. ಸ್ಪಿಂಡಲ್ ಮತ್ತು ಫೀಡ್ ಒಂದಕ್ಕೊಂದು ಹೊಂದಿಕೊಂಡು ಓಡುವ ಟ್ಯಾಪಿಂಗ್ (ರಂಧ್ರದೊಳಗೆ ತಿರುಪಿನ ಎಳೆ ಕೊರೆಯುವುದು) ನಡುವೆ ಡ್ರೈವ್ ಟ್ರಿಪ್ ಆದರೆ ಟ್ಯಾಪ್ ಒಳಗೇ ಮುರಿದು ನಿಲ್ಲುತ್ತದೆ. ಮುಗಿಯುವ ಹಂತಕ್ಕೆ ಬಂದ ಜಾಬ್‌ನಿಂದ ಅದನ್ನು ಕೀಳುವುದು ಎಂಥ ಹಿಂಸೆ ಎಂದು ಮಾಡಿದವರಿಗೇ ಗೊತ್ತು.

ಇಷ್ಟು ಓದಿ, ಕೆಟ್ಟ ಕಾರ್ಖಾನೆ ನಗರದಲ್ಲಿಯೂ ಇರುತ್ತದಲ್ಲ ಎಂದು ನೀವು ಕೇಳಬಹುದು. ಇರುತ್ತದೆ. ನಾನೂ ಅಂಥವನ್ನು ಕಂಡಿದ್ದೇನೆ. ಆದರೆ ಅಲ್ಲಿ ರಸ್ತೆಯ ಆಚೆ ಬದಿಗೆ ಇನ್ನೊಂದು ಕಾರ್ಖಾನೆ ಇರುತ್ತದೆ. ಮಾಲೀಕನಿಗೂ ಅದು ಗೊತ್ತಿರುತ್ತದೆ, ಆ ಕಾರಣಕ್ಕೇ ಅವನು ನಿಮ್ಮ ಮಾತು ಕೇಳಿಸಿಕೊಳ್ಳುತ್ತಾನೆ. ನುರಿತ ಕೆಲಸಗಾರನ ನಿಜವಾದ ಬಲ ಇರುವುದು ಬಿಟ್ಟುಹೋಗುವ ಸಾಧ್ಯತೆಯಲ್ಲಿ. ನಾನು ಹೋದ ಕಡೆ ನನ್ನ ಕೆಲಸಕ್ಕೆ ಸುತ್ತಮುತ್ತ ಇದ್ದದ್ದು ಅದೊಂದೇ ಕಾರ್ಖಾನೆ. ಬಿಟ್ಟರೆ ಊರನ್ನೇ ಬಿಡಬೇಕು. ಮನೆ ಕಾರ್ಖಾನೆಯದು, ಕೆಲಸ ಹೋದರೆ ಸೂರೂ ಹೋಗುತ್ತದೆ. ಮಕ್ಕಳನ್ನು ಶಾಲೆಗೆ ಸೇರಿಸಿ ಆಗಿತ್ತು. ನನ್ನವಳು ತನ್ನ ಕೆಲಸ ಬಿಟ್ಟು ಬಂದಿದ್ದಳು, ಅವಳ ಓದಿಗೆ ತಕ್ಕದ್ದು ಅಲ್ಲಿ ಏನೂ ಇರಲಿಲ್ಲ. ಬಂದ ಮೇಲೆ ತರಬೇತಿಯ ಹೆಸರಿನಲ್ಲಿ ಒಂದು ಬಾಂಡ್ (ಅವಧಿಗೆ ಮುನ್ನ ಬಿಡಬಾರದೆಂಬ ಕರಾರು) ಮುಂದಿಟ್ಟು, ಸಹಿ ಮಾಡದಿದ್ದರೆ ಮನೆಯ ಕೀಲಿ ಇಲ್ಲ ಎಂದರು. ಸಾಮಾನು ಹೊತ್ತ ಲಾರಿ ಹೊರಗೆ ನಿಂತಿರುವಾಗ ಯಾರು ತಾನೇ ಸಹಿ ಹಾಕುವುದಿಲ್ಲ! ಅವರಿಗೆ ಬೇಕಿದ್ದದ್ದೂ ಆ ಹೊತ್ತೇ. ದುಡಿಮೆಯ ಅವಧಿ ಹಿಗ್ಗಿದ್ದು, ಹೆಚ್ಚುವರಿ ಪಾಳಿಯ ಹಣ ಮುಂದಿನ ತಿಂಗಳು, ಮುಂದಿನ ತಿಂಗಳು ಎಂದು ಸರಿದದ್ದು ಎಲ್ಲವೂ ಈ ಒಂದು ಬೇರಿನಿಂದ ಹುಟ್ಟಿದ ಟೊಂಗೆಗಳು.

ಸುರಕ್ಷತೆಯ ವಿಷಯದಲ್ಲಿ ದೂರ ಎಂಬುದು ಇನ್ನಷ್ಟು ಅಪಾಯಕಾರಿ. ಬಾಗಿಲು ತೆರೆದರೆ ಯಂತ್ರವನ್ನು ನಿಲ್ಲಿಸುವ ಇಂಟರ್‌ಲಾಕ್ ಕಿತ್ತು, ಬಾಗಿಲು ತೆರೆದಿಟ್ಟೇ ಓಡಿಸುತ್ತಿದ್ದರು. ಪಕ್ಕದ ಯಂತ್ರದ ಹುಡುಗನ ಕಣ್ಣಿಗೆ ಕಬ್ಬಿಣದ ಚೂರು ಸಿಡಿದ ರಾತ್ರಿ ಕಣ್ಣಿನ ವೈದ್ಯರನ್ನು ತಲುಪುವಷ್ಟರಲ್ಲಿ ಬೆಳಗಾಗಿತ್ತು. ದೃಷ್ಟಿ ಉಳಿಯಿತು. ಟೂಲ್ ತಣಿಸುವ ದ್ರವದ, ಅಂದರೆ ಕೂಲೆಂಟ್‌ನ, ಟ್ಯಾಂಕನ್ನು ತೊಳೆದು ಎಷ್ಟು ಕಾಲವಾಗಿತ್ತೋ, ರಜೆ ಕಳೆದು ಯಂತ್ರ ಚಾಲೂ ಮಾಡಿದರೆ ಕೊಳೆತ ಮೊಟ್ಟೆಯ ವಾಸನೆ. ಯಂತ್ರದ ಎಣ್ಣೆ ಮೇಲೆ ಪದರ ಕಟ್ಟಿ ಗಾಳಿಯಾಡದಿದ್ದರೆ ಒಳಗೆ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಸಾಂದ್ರತೆ ನೋಡಲು ರಿಫ್ರಾಕ್ಟೋಮೀಟರ್ ಕೊಡಿಸಿ ಎಂದು ಕೇಳಿ ಕೇಳಿ ಸುಮ್ಮನಾದೆ. ಮೊಣಕೈವರೆಗೆ ಎದ್ದ ತುರಿಕೆ ಊರು ಬಿಟ್ಟ ಮೇಲೆಯೇ ಇಳಿದದ್ದು.

ಇನ್ನೊಂದು ನಷ್ಟ ಮೆಲ್ಲಗೆ ಆಗುವಂಥದ್ದು. ಅದೇ ಎರಡು ಮೂರು ಜಾಬ್‌ಗಳು, ಅದೇ ಪ್ರೋಗ್ರಾಮ್, ಆಫ್‌ಸೆಟ್‌ನಲ್ಲಿ (ಟೂಲ್‌ನ ಅಳತೆ ತಿದ್ದುವ ಅಂಕಿ) ಆಗೊಮ್ಮೆ ಈಗೊಮ್ಮೆ ಒಂದಂಕಿ ಬದಲಾವಣೆ. ಹೊಸ ಡ್ರಾಯಿಂಗ್ ಬಿಡಿಸಿ, ಯಾವ ಮುಖ ಮೊದಲು, ಎಲ್ಲಿ ಹಿಡಿಯಬೇಕು, ಜಾಬ್ ಹಿಡಿದಿಡುವ ಫಿಕ್ಸ್‌ಚರ್ ಹೇಗಿರಬೇಕು ಎಂದು ತಲೆ ಕೆಡಿಸಿಕೊಳ್ಳುವ ಸುಖವೇ ಮರೆತುಹೋಯಿತು. ಮುಂದಿನ ಸಂದರ್ಶನದಲ್ಲಿ ಯಾವ ಲೋಹ, ಎಷ್ಟು ಟಾಲರೆನ್ಸ್, ಯಾವ ಕಂಟ್ರೋಲರ್ ಎಂದು ಕೇಳುತ್ತಾರೆ. ಅಲ್ಲಿ ಕಳೆದ ಕಾಲದ ಬಗ್ಗೆ ಹೇಳಲು ನನ್ನಲ್ಲಿ ಹೆಚ್ಚೇನೂ ಇರಲಿಲ್ಲ.

ಹಳ್ಳಿಗಾಡಿನ ಕಾರ್ಖಾನೆಗಳೆಲ್ಲ ಹೀಗೆಯೇ ಎಂದು ನಾನು ಹೇಳುತ್ತಿಲ್ಲ. ಅಚ್ಚುಕಟ್ಟಾಗಿ ನಡೆಯುವವು ಇವೆ, ಅಂಥಲ್ಲಿ ನೆಮ್ಮದಿಯಾಗಿ ದುಡಿಯುತ್ತಿರುವ ಗೆಳೆಯರಿದ್ದಾರೆ. ಒಳ್ಳೆಯದು ಯಾವುದು ಎಂದು ಸಾಮಾನು ಕಟ್ಟುವ ಮೊದಲೇ ತಿಳಿಯಬೇಕು. ಕೆಲಸ ನಡೆಯುವ ಹೊತ್ತಿನಲ್ಲಿ ಒಳಗೆ ಬಿಡುವಂತೆ ಕೇಳಿ, ನೀವು ನಿಲ್ಲಬೇಕಾದ ಯಂತ್ರವನ್ನೇ ನೋಡಿ. ಡಯಲ್ ಹಚ್ಚಲು ಬಿಡಿ ಎಂದಾಗ ಮುಖ ಗಂಟಿಕ್ಕಿದರೆ ಅದೇ ಉತ್ತರ ಎಂದು ತಿಳಿಯಿರಿ. ಗೇಜ್ ಮೇಲಿನ ಚೀಟಿ ಓದಿ, ರಿಜೆಕ್ಟ್ ಡಬ್ಬದೊಳಗೆ ಇಣುಕಿ. ಸರ್ವಿಸ್ ಎಂಜಿನಿಯರ್ ಕಳೆದ ಬಾರಿ ಯಾವಾಗ ಬಂದಿದ್ದರು, ಕರೆದ ಎಷ್ಟು ದಿನಕ್ಕೆ ಬಂದರು ಎಂದು ಕಚೇರಿಯವರನ್ನು ಬಿಟ್ಟು ಯಂತ್ರದ ಬಳಿ ಇರುವವರನ್ನು ಕೇಳಿ. ಬಾಂಡ್, ಮನೆ, ರಿಜೆಕ್ಟ್‌ಗೆ ಸಂಬಳ ಮುರಿಯುವ ನಿಯಮ, ಇವೆಲ್ಲದರ ಪ್ರತಿ ಹೊರಡುವ ಮೊದಲೇ ಕೈಗೆ ಬರಬೇಕು. ಮೊದಲ ಕೆಲವು ತಿಂಗಳು ಒಬ್ಬರೇ ಹೋಗಿ, ನಗರದ ಮನೆ ಹಾಗೆಯೇ ಇರಲಿ. ದಿನಾ ಹೋಗಿಬರುವಷ್ಟು ದೂರದಲ್ಲಿ ನಿಮ್ಮ ಕೆಲಸ ಬೇಕಾದ ಇನ್ನೊಂದು ಕಾರ್ಖಾನೆಯಾದರೂ ಇಲ್ಲದಿದ್ದರೆ, ಎಷ್ಟೇ ಸಂಬಳ ಹೇಳಿದರೂ ಸಂಸಾರ ಕಟ್ಟಿಕೊಂಡು ಹೊರಡಬೇಡಿ.

ನೇಮಕಾತಿ ಪತ್ರದಲ್ಲಿ ಹುದ್ದೆಯ ಹೆಸರಿನ ಜೊತೆಗೆ ಕೆಲಸದ ವಿವರವನ್ನೂ ಬರೆಸಿಕೊಳ್ಳಿ: ಯಾವ ಯಂತ್ರ, ಸೆಟ್ಟಿಂಗ್ ಯಾರದು, ಪ್ರೋಗ್ರಾಮ್ ಯಾರದು. ಬಿಡುವಾಗ ನನಗೆ ಕೊಟ್ಟ ಅನುಭವ ಪತ್ರದಲ್ಲಿ ‘ಆಪರೇಟರ್’ ಎಂದಷ್ಟೇ ಇತ್ತು. ಅದನ್ನು ತಿದ್ದಿಸಲು ನೇಮಕಾತಿ ಪತ್ರವೊಂದೇ ನನಗೆ ಆಧಾರವಾಗಿತ್ತು, ಅದರಲ್ಲಿ ಇದ್ದದ್ದು ‘ತಾಂತ್ರಿಕ ಸಿಬ್ಬಂದಿ’ ಎಂಬ ಎರಡು ಪದ.