ಫ್ರೆಟ್‌ಲೆಸ್ ಬೇಸ್ ನೆಕ್‌ಗೆ ಮೇಪಲ್, ಪಡೌಕ್, ವೆಂಗೆ: ನನ್ನ ಓಟು ವೆಂಗೆಗೆ

ಮೊದಲೇ ಹೇಳಿಬಿಡುತ್ತೇನೆ, ಬೇಸ್ ಗಿಟಾರಿನ ನೆಕ್‌ಗೆ, ಅಂದರೆ ತಂತಿ ಒತ್ತುವ ಉದ್ದನೆಯ ಕತ್ತಿಗೆ, ಯಾವ ಮರ ಅಂದರೆ ನಾನು ವೆಂಗೆ ಕಡೆಯವನು. ಬಾಡಿ ಒಂದೇ, ನೆಕ್ ಬೋಲ್ಟ್ ಹಾಕಿ ಕೂರಿಸುವ ಥರದ್ದು. ಹಾಗಾಗಿ ನೆಕ್ ಮಾತ್ರ ಬದಲಾಯಿಸಿ ಮೂರೂ ಮರ ನುಡಿಸಿದ್ದೇನೆ. ನನ್ನದು ಹೆಚ್ಚಾಗಿ ಭಾವಗೀತೆ, ಹಳೆಯ ಸಿನಿಮಾ ಹಾಡು. ತಂತಿ ಫ್ಲ್ಯಾಟ್‌ವೌಂಡ್, ಅಂದರೆ ಮೇಲೆ ಚಪ್ಪಟೆ ಲೋಹ ಸುತ್ತಿದ ನುಣುಪಿನದ್ದು. ಹಾಡುವವರು ಸ್ವರದಿಂದ ಸ್ವರಕ್ಕೆ ಜಾರಿದರೆ ನಾನೂ ಜಾರಬೇಕು, ಫ್ರೆಟ್ (ಸ್ವರದ ಜಾಗಕ್ಕೆ ನೆಕ್ ಮೇಲೆ ಅಡ್ಡ ಕೂರಿಸುವ ಲೋಹದ ಪಟ್ಟಿ) ಇಲ್ಲದ ಬೇಸ್ ಹಿಡಿದಿದ್ದೇ ಅದಕ್ಕೆ.

ಮೇಪಲ್ ನುಡಿಸೋಕೆ ಚೆನ್ನಾಗಿದೆ, ಹಗುರ, ಕೈಗೆ ನುಣುಪು. ಆದರೆ ನನ್ನ ಹತ್ತಿರ ಇದ್ದದ್ದು ಬೆಂಗಳೂರಿನ ಮಾರ್ಚ್ ತಿಂಗಳ ಒಣಹವೆಗೆ ಒಂದು ಥರ, ಜುಲೈ ಮಳೆಗೆ ಇನ್ನೊಂದು ಥರ ಬಾಗುತ್ತಿತ್ತು. ಫ್ರೆಟ್ ಇರುವ ಬೇಸ್‌ನಲ್ಲಿ ಇಷ್ಟು ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಫ್ರೆಟ್‌ಲೆಸ್‌ನಲ್ಲಿ ಆ 'ಮ್ವಾ' ಅನ್ನೋ ನಾದ ಬರಬೇಕಾದರೆ ಫಿಂಗರ್‌ಬೋರ್ಡ್ (ನೆಕ್ ಮೇಲಿನ, ಬೆರಳು ಒತ್ತುವ ಹಲಗೆ) ಹೆಚ್ಚುಕಡಿಮೆ ಸಪಾಟಾಗಿರಬೇಕು, ತಂತಿ ಬೆರಳಿನಿಂದಾಚೆಗೂ ಮರವನ್ನು ಸವರಿಕೊಂಡೇ ಕಂಪಿಸಬೇಕು. ಸ್ವಲ್ಪ ಹಿಂದಕ್ಕೆ ಬಾಗಿದರೆ ಬರೀ ಗರಗರ, ಮುಂದಕ್ಕೆ ಬಾಗಿದರೆ ಮ್ವಾ ಮಾಯ. ಕಾರ್ಯಕ್ರಮದ ಹಿಂದಿನ ರಾತ್ರಿ ಟ್ರಸ್ ರಾಡ್ (ನೆಕ್ ಒಳಗಿದ್ದು ಬಾಗು ಸರಿಮಾಡುವ ಕಂಬಿ) ತಿರುಗಿಸುತ್ತಾ ಕೂರುವುದು ನನಗೆ ಆಗದ ಕೆಲಸ.

ಪಡೌಕ್ ಅಲುಗಾಡಲಿಲ್ಲ. ಹೊಸದರಲ್ಲಿ ಕಿತ್ತಳೆ ಕೆಂಪು, ಬೆಳಕಿಗೆ ಬಿದ್ದಂತೆಲ್ಲ ಕಂದು. ಬಣ್ಣ ನೋಡಿ ಕೊಳ್ಳುವವರಿಗೆ ಬೇಜಾರಾಗಬಹುದು, ನನಗೇನೂ ಅನ್ನಿಸಲಿಲ್ಲ.

ವೆಂಗೆ ಮಧ್ಯ ಆಫ್ರಿಕಾದ ಮರ. ಕಪ್ಪುಗಂದು, ನಡುವೆ ತೆಳು ಗೆರೆಗಳು. ಜರ್ಮನಿಯ ವಾರ್‌ವಿಕ್ ಬೇಸ್ ಹಿಡಿದವರಿಗೆ ಇದರ ಪರಿಚಯ ಇರುತ್ತದೆ. ನನಗೆ ಮಾಡಿಸಿದ ನೆಕ್ ಒಂದು ಮಳೆಗಾಲ ಪೂರ್ತಿ ಕಳೆದರೂ ರಾಡ್ ಮುಟ್ಟಿಸಿಕೊಂಡಿಲ್ಲ. ಹಿಂಭಾಗಕ್ಕೆ ಬರೀ ಎಣ್ಣೆ ಹಚ್ಚಿಸಿದ್ದು, ಹೆಬ್ಬೆರಳಿಗೆ ಎಳೆಗಳು ತಾಗುತ್ತವೆ. ಅದು ನನಗೆ ಇಷ್ಟ, ಬೇಡ ಅನ್ನುವವರು ಫಿಲ್ಲರ್ ತುಂಬಿಸಿಕೊಳ್ಳಿ. ಇದರ ಸಿಬಿರು ಚುಚ್ಚಿದರೆ ನೋವು ಬೇಗ ಹೋಗುವುದಿಲ್ಲ, ಕೆಲಸ ಮಾಡುವವರು ಗೊಣಗುವುದು ಸುಮ್ನೆ ಅಲ್ಲ.

ಈಗ ನಿಜವಾದ ತಲೆನೋವಿಗೆ ಬರೋಣ: ತೂಕ. ಮೇಪಲ್ ಒಂದು ಘನ ಮೀಟರಿಗೆ ಸುಮಾರು 700 ಕಿಲೋ, ವೆಂಗೆ 870ರ ಹತ್ತಿರ. 34 ಇಂಚಿನ ಸ್ಕೇಲ್ (ಕಂಪಿಸುವ ತಂತಿಯ ಉದ್ದ) ಅಂದರೆ ಈ ಹೆಚ್ಚಿನ ಭಾರ ಹೆಗಲಿನಿಂದ ಬಲು ದೂರ ಹೋಗಿ ಕೂರುತ್ತದೆ. ನನ್ನ ಬಾಡಿ ಹಗುರ ಬೇರೆ. ಕೈ ಬಿಟ್ಟರೆ ಸಾಕು, ಹೆಡ್‌ಸ್ಟಾಕ್ (ಬಿರಡೆಗಳಿರುವ ನೆಕ್ ತುದಿ) ನೆಲ ನೋಡುತ್ತದೆ.

ಫ್ರೆಟ್ ಇರುವ ಬೇಸ್ ಆಗಿದ್ದರೆ ಎಡಗೈಯಲ್ಲಿ ಎತ್ತಿ ಹಿಡಿದು ಹೇಗೋ ನಡೆಸಬಹುದು, ಬೆರಳು ಎಲ್ಲಿ ಬಿದ್ದರೂ ಸ್ವರ ಸರಿ ಮಾಡಲು ಫ್ರೆಟ್ ಇದೆ. ಇಲ್ಲಿ ಹಾಗಲ್ಲ. ಜಾರುವಾಗ ಹೆಬ್ಬೆರಳು ಸಡಿಲವಾಗಿರಬೇಕು, ಅದೇ ಬೆರಳು ಭಾರ ಹೊರುತ್ತಿದ್ದರೆ ಕೈ ತಡವರಿಸುತ್ತದೆ, ಸ್ವರ ಒಂದು ಕೂದಲೆಳೆ ಕೆಳಗೇ ನಿಲ್ಲುತ್ತದೆ, ಮತ್ತು ನಿಧಾನದ ಭಾವಗೀತೆಯಲ್ಲಿ ಅದು ಎಲ್ಲರಿಗೂ ಕೇಳಿಸುತ್ತದೆ. ಹೆಗಲಿಗೆ ಅಗಲದ ಸ್ವೇಡ್ (ಒರಟು ಚರ್ಮದ) ಪಟ್ಟಿ ಹಾಕಿದೆ, ಅರ್ಧ ವಾಸಿ. ಬಿರಡೆಗಳನ್ನು ತೆಗೆದು ಹಿಪ್‌ಶಾಟ್ ಕಂಪನಿಯ ಹಗುರ ಬಿರಡೆ ಅಲ್ಟ್ರಾಲೈಟ್ ಹಾಕಿಸಿದ ಮೇಲೆ ನೆಕ್ ಇಟ್ಟ ಕಡೆ ನಿಲ್ಲತೊಡಗಿತು. ಆ ಖರ್ಚನ್ನೂ ಮರದ ಬೆಲೆಗೇ ಸೇರಿಸಿಕೊಂಡು ಲೆಕ್ಕ ಹಾಕಿ. ಬಾಡಿ ಭಾರದ್ದಾಗಿದ್ದರೆ ಈ ರಾಮಾಯಣವೇ ಇರುವುದಿಲ್ಲ.

ಮರದಿಂದ ನಾದ ಎಷ್ಟು ಬದಲಾಗುತ್ತದೆ ಅಂತ ಜನ ಜಗಳವಾಡುತ್ತಾರೆ. ನನ್ನ ಕಿವಿಗೆ ನೆಕ್‌ಗಿಂತ ತಂತಿ, ಫಿಂಗರ್‌ಬೋರ್ಡ್‌ಗಳದ್ದೇ ಜಾಸ್ತಿ ಪಾಲು.

ಫಿಂಗರ್‌ಬೋರ್ಡ್‌ಗೆ ಎಬೊನಿ ಹಾಕಿಸಿ ಅಂದವರೇ ಜಾಸ್ತಿ. ಗಟ್ಟಿ, ಸವೆಯುವುದು ನಿಧಾನ, ಒಪ್ಪಿಕೊಂಡೆ. ರೌಂಡ್‌ವೌಂಡ್ (ದುಂಡು ಲೋಹ ಸುತ್ತಿದ, ಒರಟು) ತಂತಿ ಹಾಕುವವರು ಅದನ್ನೇ ಹಾಕಿಸಿ, ಇಲ್ಲವೇ ಬೇಸ್ ವಾದಕ ಜಾಕೋ ಪಾಸ್ಟೋರಿಯಸ್ ಮಾಡಿದ ಹಾಗೆ ಬೋರ್ಡ್ ಮೇಲೆ ಎಪಾಕ್ಸಿ (ಒಣಗಿ ಗಟ್ಟಿಯಾಗುವ ರಾಳ) ಬಳಿಸಿ. ಫ್ಲ್ಯಾಟ್‌ವೌಂಡ್ ಮರವನ್ನು ಅಷ್ಟು ಕೆರೆಯುವುದಿಲ್ಲ, ಹಾಗಾಗಿ ನನಗೆ ನಮ್ಮ ಬೀಟೆಯೇ ಸಾಕಾಯಿತು, ದುಡ್ಡೂ ಉಳಿಯಿತು. ಅಮೆರಿಕದವರು ವಿದೇಶಿ ಮರ ಅಂತ ಹೆಚ್ಚು ಕೊಟ್ಟು ತರಿಸುವ ಬೀಟೆ ನಮ್ಮ ಮಲೆನಾಡಿನಲ್ಲಿ, ಕೊಡಗಿನಲ್ಲಿ ಬೆಳೆಯುವ ಮರ, ಅಲ್ವಾ?

ಹೊರದೇಶದಲ್ಲಿ ನೆಕ್ ಮಾಡಿಸುವವರು ಒಂದು ನೋಡಿಕೊಳ್ಳಿ. ಬೀಟೆ 2017ರಿಂದ ಸೈಟಿಸ್ (ಅಳಿವಿನಂಚಿನ ಗಿಡ, ಪ್ರಾಣಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿದೆ. 2019ರ ಕೊನೆಯಿಂದ ತಯಾರಾದ ವಾದ್ಯಕ್ಕೆ, ಅದರ ಭಾಗಗಳಿಗೆ ವಿನಾಯಿತಿ ಸಿಕ್ಕಿದೆ, ಬರೀ ಹಲಗೆಗೆ ಇಲ್ಲ. ಇಲ್ಲಿಂದ ಹಲಗೆ ಕಳಿಸಿ ಅಲ್ಲಿ ಮಾಡಿಸೋಣ ಅಂದುಕೊಂಡಿದ್ದರೆ ಮೊದಲು ಆ ಕಾಗದಪತ್ರ ವಿಚಾರಿಸಿ, ಆಮೇಲೆ ಮುಂಗಡ ಕೊಡಿ.