ಬಾಡಿಗೆ ಅಗ್ರಿಮೆಂಟನ್ನು ಎರಡು ಮಾಡಿಸಬೇಡಿ, ದಯವಿಟ್ಟು

ಬೆಂಗಳೂರಿನ ಸ್ವಂತ ಫ್ಲ್ಯಾಟ್ ಬಾಡಿಗೆಗೆ ಕೊಟ್ಟು ಬೇರೆ ಊರಿಗೆ ಹೊರಟವರು ಇದನ್ನು ಓದಲೇಬೇಕು. 7,500 ರೂಪಾಯಿ ಫೀಸು ತಗೊಂಡ ಟ್ಯಾಕ್ಸ್ ಕನ್ಸಲ್ಟೆಂಟ್ ನನಗೆ ಕೊಟ್ಟ ಸಲಹೆ: ತಿಂಗಳ 40,000 ಬಾಡಿಗೆಯನ್ನು ಒಂದೇ ಕಡೆ ತೋರಿಸಬೇಡಿ, ಮನೆಗೆ 22,000, ಮಂಚ, ಬೀರು, ಸೋಫಾಗೆ 18,000 ಅಂತ ಎರಡು ಇ-ಸ್ಟ್ಯಾಂಪ್ ಪೇಪರ್ ಮಾಡಿಸಿ. "ಫರ್ನಿಚರ್‌ಗೆ ಡಿಪ್ರಿಸಿಯೇಷನ್ ಸಿಗುತ್ತೆ ಸಾರ್, ಬಾಡಿಗೆನೂ ಕಮ್ಮಿ ಕಾಣುತ್ತೆ." ಡಿಪ್ರಿಸಿಯೇಷನ್ ಅಂದರೆ ಸಾಮಾನು ಹಳೆಯದಾಗುವುದಕ್ಕೆ ಬಿಡುವ ಸವಕಳಿ. ನಂಬಿ ಸೈನ್ ಹಾಕಿದ್ದಾಯಿತು.

2024-25ರ ರಿಟರ್ನ್ ತುಂಬುವಾಗ ಗೊತ್ತಾಯಿತು. ಒಂದೇ ಅಗ್ರಿಮೆಂಟ್ ಇದ್ದು, ಪೂರ್ತಿ ಮೊತ್ತವನ್ನು ಮನೆ ಬಾಡಿಗೆ ಅಂತಲೇ ಹಿಡಿದಿದ್ದರೆ ವರ್ಷಕ್ಕೆ 4,80,000. ಮನೆ ಕಂದಾಯ ನಾವೇ ಕಟ್ಟಿದ್ದು 12,000, ಅದನ್ನು ಕಳೆದರೆ 4,68,000. ಅದರಲ್ಲಿ ಶೇ. 30, ಅಂದರೆ 1,40,400, ಯಾವ ಬಿಲ್ಲೂ ಕೇಳದೆ ಬಿಡುತ್ತಾರೆ. ಉಳಿದ 3,27,600ಕ್ಕಿಂತ ಮನೆ ಸಾಲದ ಬಡ್ಡಿಯೇ ಜಾಸ್ತಿ, 3,90,000. ಬಾಡಿಗೆ ಮೇಲೆ ತೆರಿಗೆ ಸೊನ್ನೆ. ಸೊನ್ನೆ!

ಎರಡು ಮಾಡಿಸಿದ್ದಕ್ಕೆ ಏನಾಯಿತು? ಫರ್ನಿಚರ್‌ನ 2,16,000 "ಇತರ ಮೂಲದ ಆದಾಯ" ಆಯಿತು. ಅಲ್ಲಿ ಶೇ. 30 ಇಲ್ಲ. 80,000ದ ಸಾಮಾನಿಗೆ ಶೇ. 10ರ ಡಿಪ್ರಿಸಿಯೇಷನ್ ಬರೀ 8,000. ಮನೆ ಬಾಡಿಗೆಯ ಕಡೆ ಬಡ್ಡಿಯಿಂದ 2,13,600 ನಷ್ಟ ಬಿದ್ದಿದೆ ನಿಜ, ಆದರೆ ಹೊಸ ರೆಜೀಮಿನಲ್ಲಿ, ಅಂದರೆ ಹೊಸ ತೆರಿಗೆ ಪದ್ಧತಿಯಲ್ಲಿ, ಮನೆಯ ನಷ್ಟವನ್ನು ಬೇರೆ ಆದಾಯದಲ್ಲಿ ಕಳೆಯುವಂತಿಲ್ಲ. 2,08,000ಕ್ಕೆ ಪೂರ್ತಿ ತೆರಿಗೆ. ಶೇ. 30ರ ಸ್ಲ್ಯಾಬ್, ಸೆಸ್ ಸೇರಿ 64,896 ರೂಪಾಯಿ. ಸೊನ್ನೆ ಇರಬೇಕಾದ ಕಡೆ!

ಕನ್ಸಲ್ಟೆಂಟ್‌ಗೆ ಫೋನ್ ಮಾಡಿ ಕೇಳಿದರೆ "ಎಲ್ಲರೂ ಹೀಗೇ ಮಾಡಿಸೋದು ಸಾರ್." ಲೆಕ್ಕ ಕಳಿಸಿದ ಮೇಲೆ "ನಾನು ಹೇಳಿದ್ದು ಹಳೇ ರೆಜೀಮಿಗೆ." ಸುಳ್ಳು. ಹಳೇದರಲ್ಲಿ ಒಂದೇ ಅಗ್ರಿಮೆಂಟ್ ಆಗಿದ್ದರೆ 62,400ರ ನಷ್ಟ ಸಂಬಳದಲ್ಲಿ ಕಳೆಯುತ್ತಿತ್ತು. ಎರಡಾದರೆ ಆ ವರ್ಷ ಕಳೆಯಲು ಬಿಡುವುದು 2 ಲಕ್ಷದವರೆಗೆ ಮಾತ್ರ, ಹಾಗಾಗಿ ಫರ್ನಿಚರ್‌ನ 2,08,000ದಲ್ಲಿ ಉಳಿಯುವ 8,000 ಸಂಬಳಕ್ಕೆ ಸೇರುತ್ತದೆ. ಅಲ್ಲೂ ಲುಕ್ಸಾನೇ. ಕೊನೆಗೆ ಬಂದ ಮಾತು: "ಸೈನ್ ಹಾಕಿದ್ದು ನೀವಲ್ವಾ ಸಾರ್?" ಈ ಮಾತು ಇನ್ನೂ ಚುಚ್ಚುತ್ತಿದೆ.

ಅಷ್ಟಕ್ಕೇ ಬಿಡಲಿಲ್ಲ. "ಮುಂದಿನ ಸಲ ಲೀಸಿಗೆ ಹಾಕಿ, ಬಾಡಿಗೆನೇ ಇಲ್ಲ ಅಂದ್ಮೇಲೆ ತೆರಿಗೆ ಎಲ್ಲಿ? ದುಡ್ಡು ಕ್ಯಾಶ್ ತಗೊಳ್ಳಿ." ಇದನ್ನಂತೂ ಕೇಳಲೇಬೇಡಿ. ಭೋಗ್ಯಕ್ಕೆ ಕೊಟ್ಟರೂ ಆ ಮನೆಗೆ ನ್ಯಾಯವಾಗಿ ಎಷ್ಟು ಬಾಡಿಗೆ ಬರಬಹುದಿತ್ತೋ ಅಷ್ಟನ್ನು ಆದಾಯ ಅಂತಲೇ ಹಿಡಿಯುತ್ತಾರೆ. ಲೀಸಿನ ಡಿಪಾಸಿಟ್ ಅಂತ 20,000 ಅಥವಾ ಅದಕ್ಕಿಂತ ಹೆಚ್ಚು ನಗದು ತಗೊಂಡರೆ ಅಷ್ಟೇ ಮೊತ್ತದ ದಂಡ ಬೀಳಬಹುದು.

ಒಂದೇ ಅಗ್ರಿಮೆಂಟ್ ಮಾಡಿಸಿ, ಸಾಮಾನಿನ ಪಟ್ಟಿ ಅದರ ಹಿಂದೆ ಲಗತ್ತಿಸಿ. ಕಂದಾಯ ನೀವೇ, ಅದೇ ಆರ್ಥಿಕ ವರ್ಷದೊಳಗೆ ಕಟ್ಟಿ. ಬಾಡಿಗೆದಾರರು ಕಟ್ಟಿದ್ದನ್ನು ನೀವು ಕಳೆಯುವಂತಿಲ್ಲ. ಮೇಂಟೆನೆನ್ಸ್ ಅನ್ನು ಅವರೇ ನೇರವಾಗಿ ಅಸೋಸಿಯೇಷನ್‌ಗೆ ಕೊಡಲಿ. ಯಾರೇ ಸಲಹೆ ಕೊಡಲಿ, ಸೈನ್ ಹಾಕುವ ಮುಂಚೆ ಎರಡೂ ರೆಜೀಮಿನ ಲೆಕ್ಕವನ್ನು ಬರವಣಿಗೆಯಲ್ಲಿ ಕೇಳಿ. ನಾನು ಫೀಸು ವಾಪಸ್ ಕೇಳಿದಂದಿನಿಂದ ಆ ಕನ್ಸಲ್ಟೆಂಟ್ ಫೋನ್ ಎತ್ತಿಲ್ಲ.