ಮಗಳ ಮೈಕ್ರೋಸ್ಕೋಪ್, ಮೂರು ತಿಂಗಳ ನಂತರ

ಮಂಗಳೂರು ಹಂಪನಕಟ್ಟೆಯ ಒಂದು ಅಂಗಡಿಯಿಂದ ಪಿಯುಸಿ ಓದುವ ಮಗಳಿಗೆ ಅಂತ ತಂದದ್ದು. ಕೊಟ್ಟ ದುಡ್ಡಿಗೆ ಖಂಡಿತ ಮೋಸ ಇಲ್ಲ.

ಮೊದಲು ನೋಡಿದ್ದು ಅಂಗಳದ ರಿಯೋ ಎಂಬ ಅಲಂಕಾರದ ಗಿಡದ ಎಲೆ. ಅಡಿಭಾಗದ ನೇರಳೆ ಸಿಪ್ಪೆಯನ್ನು ತೆಳ್ಳಗೆ ಬಿಡಿಸಿ, 400 ಪಟ್ಟು ದೊಡ್ಡದು ಮಾಡಿ ನೋಡಿದರೆ ಬಣ್ಣ ತುಂಬಿದ ಕೋಣೆಗಳ ಸಾಲು, ಅವೇ ಜೀವಕೋಶಗಳು. ಪಕ್ಕದಿಂದ ಒಂದು ಹನಿ ಉಪ್ಪುನೀರು ಬಿಟ್ಟೆವು. ಸ್ವಲ್ಪ ಹೊತ್ತಿಗೆ ನೇರಳೆ ಬಣ್ಣ ಗೋಡೆ ಬಿಟ್ಟು ಒಳಕ್ಕೆ ಸರಿದು ಉಂಡೆಯಾಯ್ತು ಮಾರಾಯ್ರೆ! ನೀರು ಹೊರಗೆ ಹೋದ ಹಾಗೆ ಗೋಡೆಯ ಒಳಗಿರುವ ಜೀವಕೋಶದ ತೆಳು ಪೊರೆಯೂ ಅದರ ಜೊತೆ ಕುಗ್ಗುತ್ತದೆ, ಗೋಡೆ ಮಾತ್ರ ಇದ್ದಲ್ಲೇ ಇರುತ್ತದೆ. ಸಾದಾ ನೀರು ಹಾಕಿದ ಮೇಲೆ ಮತ್ತೆ ಉಬ್ಬಿತು. "ಅಪ್ಪಾ, ಇದು ಜೀವಂತ ಇದೆ ಅಲ್ವಾ?" ಅಂದಳು ಮಗಳು.

ಒಂದು ಮಾತು, ಪೊರೆಯೇ ಕಾಣುತ್ತದೆ ಅಂತ ಕೊಳ್ಳಬೇಡಿ. ಅದರ ದಪ್ಪ ಸುಮಾರು 5 ನ್ಯಾನೋಮೀಟರ್, ಇಂಥ ಬೆಳಕಿನ ಮೈಕ್ರೋಸ್ಕೋಪ್ 200 ನ್ಯಾನೋಮೀಟರಿಗಿಂತ ಚಿಕ್ಕದನ್ನು ಬಿಡಿಸಿ ತೋರಿಸಲಾರದು. ಕಾಣುವುದು ಅದರ ಅಂಚು, ಅದರ ಆಕಾರ. ಪೊರೆ ಅಂದರೆ ಎರಡು ಪದರ ಕೊಬ್ಬಿನ ಕಣಗಳು, ಅವುಗಳ ನಡುನಡುವೆ ಪ್ರೋಟೀನುಗಳು, ಎಲ್ಲ ಎಣ್ಣೆಯ ಹಾಗೆ ಹರಿಯುತ್ತವೆ ಅಂತ 1972ರಲ್ಲಿ ವಿಜ್ಞಾನಿಗಳಾದ ಸಿಂಗರ್ ಮತ್ತು ನಿಕೋಲ್ಸನ್ ವಿವರಿಸಿದರು. ಸುಲಭವಾಗಿ ಬಗ್ಗುತ್ತದೆ, ಎಳೆದರೆ ಮಾತ್ರ ಸ್ವಲ್ಪವೇ ಹಿಗ್ಗಿ ಒಡೆದುಹೋಗುತ್ತದೆ. ಕೆಂಪು ರಕ್ತಕಣ ತನಗಿಂತ ಕಿರಿದಾದ ನಾಳದಲ್ಲೂ ಮಡಚಿಕೊಂಡು ನುಸುಳುವುದು ಈ ಬಗ್ಗುವ ಗುಣದಿಂದ.

ತೊಂದರೆ ಒಂದೇ. ಫೋಕಸ್ ತಿರುಪು ಸಡಿಲ, ಕೈಬಿಟ್ಟರೆ ಮೆಲ್ಲಗೆ ಕೆಳಗಿಳಿಯುತ್ತದೆ. ನಮ್ಮ ಊರಿನ ಮಳೆಗಾಲಕ್ಕೆ ಲೆನ್ಸಿಗೆ ಬೂಷ್ಟು ಬರುವುದು ಜಾಸ್ತಿ, ಹಾಗಾಗಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಡಬ್ಬದಲ್ಲೇ ಇಡಿ.